ಜಮಖಾನೆಯ ಮೇಲಿಂದ ಕಂಡ ಬಣ್ಣ

ತಮ್ಮ ಸಂಗಮನಾಥನಿಗೆ,

ಶಹಾಪುರದಿಂದ ನಿನ್ನ ಅಕ್ಕ ಶಾಂಭವಿ. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದು ನಂಬಿದ್ದೇನೆ, ನಂಬುವುದಕ್ಕೆ ಯಾವ ಆಧಾರವೂ ಇಲ್ಲದಿದ್ದರೂ.

ಗೆದ್ದೆನಪ್ಪಾ, ಗೆದ್ದೆ! ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಒಂದು ಮಾತನ್ನೂ ಮುಗಿಸಲು ಬಿಡುವುದಿಲ್ಲ. "ಅಲ್ಲಕ್ಕಾ, ನಾ ಹೇಳೂದು ಕೇಳಿಲ್ಲಿ" ಎಂದು ನಡುವೆ ಬಾಯಿ ಹಾಕುತ್ತೀ. ಈಗ ಕಾಗದದಲ್ಲಿ ಬಾಯಿ ಹಾಕು ನೋಡೋಣ. ನಿನ್ನ ಹಾಸ್ಟೆಲ್ ಇರುವ ಭೀಮರಾಯನಗುಡಿ ಇಲ್ಲೇ ಮಗ್ಗಲಿಗಿದೆ, ಆದರೂ ಅಂಚೆಗೇ ಹಾಕುತ್ತೇನೆ. ಯಾರದೋ ಪ್ರೇಮಪತ್ರ ಬಂತೆಂದು ಹಾಸ್ಟೆಲ್ಲಿನ ಹುಡುಗರು ನಿನ್ನನ್ನು ಒಂದು ವಾರ ಕಾಡಿದರೆ ನನಗೆ ಅದೂ ಖುಷಿಯೇ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ನೀನು ನಿನಗೆ ಬೇಕಾದಷ್ಟನ್ನೇ ನೆನಪಿಟ್ಟುಕೊಳ್ಳುವ ಆಸಾಮಿ. ನಮ್ಮ ಫೋಟೊ ಸ್ಟುಡಿಯೋದ ಹಳೆಯ ಮಾನಿಟರ್ ಕಣ್ಣು ಮುಚ್ಚಿದಾಗ ಮಾವನವರು ನಿನ್ನನ್ನೇ ಕೇಳಿದರು. ಆಗ ನೀನು ಮಾಡಿದ ಭಾಷಣವೇನು! ಮಾನಿಟರ್ ಅಂದರೆ ಬರೀ ಗಾಜಲ್ಲ, ಒಳಗಿನ ಪ್ಯಾನೆಲ್ ಯಾವ ಜಾತಿಯದು ಅನ್ನುವುದೇ ಮುಖ್ಯ ಎಂದೆ. ಟಿಎನ್ ಅನ್ನುವ ಪ್ಯಾನೆಲ್ಲೇ ಬೇಕು, ಅದರಷ್ಟು ಚುರುಕು ಬೇರೊಂದಿಲ್ಲ ಎಂದೆ. "ಮಾವಾರ, ಕಣ್ಣು ಪಿಳುಕಿಸೂದ್ರಾಗ ವೈರಿ ಗುಂಡು ಹಾರಸ್ತಾನ್ರಿ. ಚಿತ್ರ ತಡಾ ಮಾಡಿ ಬಂತಂದ್ರ ನಾವು ಸತ್ವಿ!" ಮಾವ ಅಯ್ಯಣ್ಣನವರು ಜೀವಮಾನವಿಡೀ ಲಗ್ನದ ಫೋಟೊ ತೆಗೆದವರು, ಅವರಿಗೆ ಎಲ್ಲಿಯ ವೈರಿ, ಎಲ್ಲಿಯ ಗುಂಡು? ಆದರೂ "ಕಲತ ಹುಡುಗ ಹೇಳಾಕತ್ತಾನ" ಎಂದು ತರಿಸಿಯೇ ಬಿಟ್ಟರು. ಹಗಲು ನನ್ನ ಆಲ್ಬಮ್ ಕೆಲಸ, ಭಾನುವಾರ ಅಂಗಡಿ ಮುಚ್ಚಿದ ಮೇಲೆ ನಿನ್ನ ಕಂಪ್ಯೂಟರ್ ಆಟ ಎಂದು ಒಪ್ಪಂದವಾಯಿತು. ಎದುರಿಗೆ ಖುರ್ಚಿಯಲ್ಲಿ ಕೂತು ನೋಡಿದಾಗ ನನಗೂ ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

ಆದರೆ ನಮ್ಮ ಕಡೆ ಆಲ್ಬಮ್ಮಿಗೆ ಫೋಟೊ ಆರಿಸುವುದೆಂದರೆ ಒಬ್ಬರು ಎದುರಿಗೆ ಕೂತು ಮುಗಿಸುವ ಕೆಲಸವೇನೋ? ಹೆಣ್ಣಿನ ಮನೆಯವರು ಟಂಟಂ ಆಟೊ ಮಾಡಿಕೊಂಡು ಓಣಿಗೆ ಓಣಿಯೇ ಬಂದಂತೆ ಬರುತ್ತಾರೆ. ಗಂಡಸರು ಖುರ್ಚಿ ಹಿಡಿಯುತ್ತಾರೆ, ಹೆಂಗಸರು ನೆಲಕ್ಕೆ ಜಮಖಾನೆ ಹಾಸಿಕೊಳ್ಳುತ್ತಾರೆ, ಹಿರಿಯಾಕೆ ಎಲ್ಲರಿಗಿಂತ ಮುಂದೆ. ಆ ಹಿರಿಯಾಕೆ ನೆಲದ ಮೇಲಿರುವಾಗ ಈ ಮನೆಯ ಸೊಸೆ ಖುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕೂರುವುದುಂಟೇ? ಅದಕ್ಕೇ ನಾನು ಮೌಸಿಗೆ ಉದ್ದನೆಯ ವೈರು ಹಾಕಿಸಿಕೊಂಡಿದ್ದೇನೆ. ಅವರ ಮಗ್ಗಲಿಗೆ ಕೂತು, ಮಣೆಯ ಮೇಲೆ ಮೌಸು ಇಟ್ಟು, ಮೇಜಿನ ಮೇಲಿನ ಪರದೆಯನ್ನು ತಲೆಯೆತ್ತಿ ನೋಡುತ್ತ ಕೆಲಸ ಮಾಡುತ್ತೇನೆ. ನಾನು ಈ ಮನೆಗೆ ಬಂದಾಗಿನಿಂದ ಹೀಗೆಯೇ ನಡೆದಿದೆ.

ಮೌನೇಶ್ವರಿಯ ಲಗ್ನದ ಫೋಟೊ ಆರಿಸಲು ಅವಳ ಅಜ್ಜಿ ಸುಂದ್ರಮ್ಮ ಆಯಿ ಬಂದ ದಿನವೂ ಹಾಗೆಯೇ ಕೂತಿದ್ದೆ. ಸುರಪುರದಾಚೆ ಹೊಳೆದಂಡೆಯ ಮಂದಿ ಅವರು, ಮಾತು ನೇರ. ಮೊದಲ ಫೋಟೊ ಹಾಕಿದ್ದೇ ತಡ ಆಯಿ ಎದೆ ಬಡಿದುಕೊಂಡಳು. "ಯವ್ವಾ, ಇದೇನಿದು? ನಮ್ಮ ಹುಡುಗಿ ಮಾರಿಗೆ ಮಸಿ ಬಳದೀರೇನು?" ನೋಡುತ್ತೇನೆ, ಖರೆ! ಹುಡುಗಿಯ ಮುಖ ಕಪ್ಪಿಟ್ಟಿದೆ, ಅರಿಶಿನದ ಸೀರೆ ಕೆಸರಿನ ನೀರಾಗಿದೆ. ನಾನು ಸ್ವಲ್ಪ ಬೆಳಕು ಏರಿಸಿದೆ. "ಇನ್ನಾ ಏರಸವಾ" ಎಂದರು. ಇನ್ನೂ ಏರಿಸಿದೆ. ಖುರ್ಚಿಯ ಮೇಲಿದ್ದ ಮೌನೇಶ್ವರಿಯ ಕಾಕಾ ಮರಿಲಿಂಗಪ್ಪ "ಸಾಕ್ರೆವಾ, ಹುಡುಗಿ ಸುಣ್ಣದ ಗ್ವಾಡಿ ಆಗ್ಯಾಳ" ಎಂದರೆ ಹೆಂಗಸರೆಲ್ಲ ಸೇರಿ ಅವರ ಮೇಲೆ ಬಿದ್ದರು. "ನಿಮಗೇನ್ ತಿಳೀತದ, ಸುಮ್ನ ಕೂಡ್ರಿ!" ಆಲ್ಬಮ್ ಜಲ್ದಿ ಬೇಕೆಂದು ಅವಸರ ಮಾಡಿದ್ದರಿಂದ ಫೈಲನ್ನು ಅಲ್ಲಿಯೇ, ಜಮಖಾನೆಯ ಮೇಲಿಂದಲೇ ಪ್ರೆಸ್ಸಿಗೆ ಕಳಿಸಿಬಿಟ್ಟೆ.

ಆಲ್ಬಮ್ ಬಂದ ಮೇಲೆ ಏನಾಯಿತೆಂದು ನಿನಗೆ ಪೂರ್ತಿ ಹೇಳಿರಲಿಲ್ಲ. ಪುಟ ತೆರೆದರೆ ಮೌನೇಶ್ವರಿ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗಿದ್ದಳು. ಮೂಗೂ ಇಲ್ಲ, ಮೂಗುತಿಯೂ ಇಲ್ಲ. ಗಂಡನ ಮನೆಯಲ್ಲಿ ನಾದಿನಿಯರು "ಫೋಟೊದಾಗಿನ ಸೊಸಿ ಬ್ಯಾರೆ, ಮನಿಗೆ ಬಂದ ಸೊಸಿ ಬ್ಯಾರೆ" ಎಂದು ನಕ್ಕರಂತೆ. ಆ ಹುಡುಗಿ ಆಲ್ಬಮ್ ಎತ್ತಿಕೊಂಡು ತಾನೇ ಸ್ಟುಡಿಯೋಗೆ ಬಂದಳು. ಜಗಳ ತೆಗೆಯಲಿಲ್ಲ. "ಅಕ್ಕಾರ, ನನ್ನ ಬಣ್ಣ ನಿಮಗೂ ಬ್ಯಾಡಾಗಿತ್ತೇನ್ರಿ?" ಎಂದಳು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ತಮ್ಮಾ. ನಾವಿಬ್ಬರೂ ಎಂಥ ಬಣ್ಣದವರು? ಅವ್ವನ ಬಣ್ಣದವರು. ಶಾಲೆಯಲ್ಲಿ ನನ್ನನ್ನು ಏನೆಂದು ಕರೆಯುತ್ತಿದ್ದರು, ನೀನು ಯಾರ ಯಾರ ಜೊತೆ ಹೊಡೆದಾಡಿ ಅಂಗಿ ಹರಿದುಕೊಂಡು ಬರುತ್ತಿದ್ದೆ ಎನ್ನುವುದು ಗೊತ್ತಿಲ್ಲವೇ? ಅಂಥ ನನ್ನ ಕೈಯಿಂದಲೇ ಒಬ್ಬ ಹುಡುಗಿಯ ಬಣ್ಣ ಅಳಿಸಿಹೋಗಿತ್ತು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಮಾವನವರು ಅಂದು ಸಂಜೆ ಹೇಳಿದ್ದು ನಿನ್ನ ಕಿವಿಗೂ ಬಿದ್ದಿದೆ. "ಆಟ ಆಡೂ ಹುಡುಗನ ಮಾತ ಕೇಳಿ ಮಾನಿಟರ್ ತಂದು ಕೆಟ್ವಿ. ಇನ್ನ ಮ್ಯಾಲೆ ಡಿಸೈನ್ ಕಲಬುರ್ಗಿಗಿ ಕಳಸೋಣವಾ. ನೀ ಗಲ್ಲೆ ಮ್ಯಾಲೆ ಕೂತು ರೊಕ್ಕ ಎಣಸು." ನಿನ್ನನ್ನು ಅಂದರೆಂದು ನಿನಗೆ ಸಿಟ್ಟು ಬಂತು. ನನಗೆ ಉರಿದದ್ದು ಆ ಕೊನೆಯ ಮಾತಿಗೆ. ಲಗ್ನವಾಗಿ ಬಂದ ಮೇಲೆ, ಒಲೆಯ ಮೇಲೆ ಅನ್ನ ಇಟ್ಟು ಓಡಿ ಬಂದು ಓಡಿ ಬಂದು ಕಲಿತ ಕೆಲಸ ಅದು. ಸತ್ತರೂ ಆ ಖುರ್ಚಿ ಬಿಡಬಾರದು ಅನ್ನಿಸಿತು.

ಕಾರಣ ಸಿಕ್ಕಿದ್ದು ಕಸ ಹೊಡೆಯುವಾಗ. ಬೆಳಿಗ್ಗೆ ಸ್ಟುಡಿಯೋ ಗುಡಿಸಲು ಬಗ್ಗಿದವಳು ಪರದೆಯ ಮೇಲೆ ತೆರೆದಿಟ್ಟಿದ್ದ, ತಿದ್ದುವ ಮೊದಲಿನ ಫೋಟೊದ ಕಡೆ ನೋಡಿದೆ, ಮೌನೇಶ್ವರಿಯ ಮುಖ ಮಸಿ! ಎದ್ದು ನಿಂತರೆ ಸುಣ್ಣ. ಮತ್ತೆ ಕೂತರೆ ಮಸಿ. ಪೊರಕೆ ಹಿಡಿದುಕೊಂಡೇ ಕೂತೆ, ಎದ್ದೆ, ಕೂತೆ, ಎದ್ದೆ. ಬಾಗಿಲಿಗೆ ಬಂದ ಮಾವನವರು "ಏನವಾ ಇದು, ಬಸ್ಕಿ ಹೊಡಿಯಾಕತ್ತೀ?" ಎಂದು ಗಾಬರಿಯಾದರು. ಕೈ ಹಿಡಿದೆಳೆದು ಅವರನ್ನೂ ಬಗ್ಗಿಸಿದೆ. ಮೊಣಕಾಲು ನೋವಿನ ಮನುಷ್ಯ, ಪಾಪ, ಬಗ್ಗಿ ನೋಡಿ "ಎಲಾ ಇದರ!" ಎಂದರು. ಮಾನಿಟರ್ ಎದುರಿಗೆ ಕೂತವರಿಗೆ ಒಂದು ಬಣ್ಣ, ನೆಲದಲ್ಲಿ ಕೂತವರಿಗೆ ಇನ್ನೊಂದು ಬಣ್ಣ ತೋರಿಸುತ್ತಿತ್ತು. ನಾನು ಮಾಡಿದ್ದೆಲ್ಲ ನೆಲದ ಬಣ್ಣಕ್ಕೆ.

ನಿನಗೆ ಫೋನು ಮಾಡಿದರೆ ನೀನೇನಂದೆ? "ಹೌದಕ್ಕಾ, ಟಿಎನ್ ಹಂಗೇ ಇರ್ತದ, ಕೆಳಗಿಂದ ನೋಡಬಾರದು. ಅವರನ್ನ ಖುರ್ಚಿ ಮ್ಯಾಲೆ ಕೂಡ್ರಸು." ಶಹಬ್ಬಾಸ್! ಸುಂದ್ರಮ್ಮ ಆಯಿಯನ್ನು ನಿನ್ನ ಮಾನಿಟರಿಗಾಗಿ ಎಬ್ಬಿಸಬೇಕೇ? ಮಂದಿ ಕೂರುವ ರೀತಿಗೆ ಮಾನಿಟರ್ ಬರಲಿ, ಮಾನಿಟರಿನ ರೀತಿಗೆ ಮಂದಿ ಕೂರುವುದಿಲ್ಲ ಎಂದು ನಾನು ಕೂಗಿದ್ದು ಮೂರನೆಯ ಅಂಗಡಿಗೂ ಕೇಳಿಸಿತಂತೆ. ಮಾವನವರ ಬಳಿ ಒಂದೇ ಒಂದು ಅವಕಾಶ ಬೇಡಿದೆ. ಮೌನೇಶ್ವರಿಯ ಆಲ್ಬಮ್ ಹೊಸದಾಗಿ ಮಾಡಿಕೊಡುತ್ತೇನೆ, ಅವರು ಒಪ್ಪದಿದ್ದರೆ ನಾನಾಗಿಯೇ ಗಲ್ಲೆಗೆ ಹೋಗಿ ಕೂರುತ್ತೇನೆ ಎಂದೆ. ನನ್ನ ಗಂಡ, ನಿನ್ನ ಮಾಮಾ ವಿಶ್ವರಾಧ್ಯ, ಲಗ್ನದ ಮಂಟಪಗಳಲ್ಲಿ ಕ್ಯಾಮೆರಾ ಹಿಡಿದು ಅಲೆಯುವವರು, ಮಾತು ಕಡಿಮೆ. ಆದರೆ ಅವತ್ತು ಅವರೂ "ಅಪ್ಪಾ, ಒಂದು ಸಲ ನೋಡೋಣ" ಎಂದರು.

ಹೊಸ ಮಾನಿಟರ್ ತರಲು ಹೋದ ಯಾದಗಿರಿಯ ಆ ಕಂಪ್ಯೂಟರ್ ಅಂಗಡಿಯಲ್ಲಿ ನಿನ್ನ ಮುಖ ನೆನೆಸಿಕೊಂಡರೆ ಈಗಲೂ ನಗು ತಡೆಯಲಾಗುವುದಿಲ್ಲ. ನಾನು ಪೆನ್ ಡ್ರೈವಿನಲ್ಲಿ ಮೌನೇಶ್ವರಿಯ ಒಂದು ಫೋಟೊ ಒಯ್ದಿದ್ದೆ. ಸಾಲಾಗಿ ಇಟ್ಟ ಮಾನಿಟರುಗಳಿಗೆಲ್ಲ ಅದನ್ನೇ ಹಾಕಿಸಿ, ಸೆರಗು ಸಿಕ್ಕಿಸಿ ಅಂಗಡಿಯ ನಡುವೆ ನೆಲದ ಮೇಲೆ ಕೂತುಬಿಟ್ಟೆ! ನೀನು ನನಗೂ ನಿನಗೂ ಸಂಬಂಧವೇ ಇಲ್ಲದವನ ಹಾಗೆ ಕೀಬೋರ್ಡುಗಳ ಕಡೆ ಮುಖ ಮಾಡಿ ನಿಂತೆ. ಅಂಗಡಿಯಲ್ಲಿ ಕೆಲಸ ಮಾಡುವ ಫರ್ಹೀನ್ ಓಡಿ ಬಂದು "ಅಕ್ಕಾ, ಚಕ್ಕರ್ ಬಂತೇನ್ರಿ? ನೀರ ತರ್ಲಿ?" ಎಂದಳು. ವಿಷಯ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಕ್ಕು, ತಾನೂ ನನ್ನ ಪಕ್ಕ ಕೂತಳು.

ಆಮೇಲೆ ನೀನು ತಡೆಯಲಾರದೆ ಬಂದೆ, ಮಾನಿಟರಿನ ಮಾತಿಗೆ ನಿನ್ನ ನಾಲಿಗೆ ಸುಮ್ಮನಿರುವುದುಂಟೇ. ವಿಎ ಪ್ಯಾನೆಲ್ ತಗೊ ಎಂದೆ, ಕಪ್ಪು ಅಂದರೆ ಕಾಡಿಗೆಯಂಥ ಕಪ್ಪು, ಸಿನಿಮಾಕ್ಕೆ ಬಲು ಚಂದ. ಎದುರಿನಿಂದ ಚಂದವೇ ಇತ್ತು. ಜಮಖಾನೆಯ ಅಂಚಿನ ಲೆಕ್ಕದಲ್ಲಿ ಪಕ್ಕಕ್ಕೆ ಸರಿದು ಕೂತೆ ನೋಡು, ಸೀರೆಯ ಅರಿಶಿನ ತೊಳೆದು ಹೋಯಿತು. ನೀನೇ ಅದರ ಮೇಲೆ ಒಂದು ಆಟ ಹಾಕಿ, ಕತ್ತಲೆಯ ಜಾಗದಲ್ಲಿ ಓಡುವ ಮನುಷ್ಯನ ಹಿಂದೆ ಮಸಿ ಎಳೆದಂತಾಗುತ್ತದೆ ಎಂದು ಮೂಗು ಮುರಿದೆ. ಓಎಲ್ಇಡಿ ತೋರಿಸಿದಾಗ ಮಾತ್ರ ನಾನೂ ಮರುಳಾದೆ ಮಾರಾಯಾ, ಅಂಥ ಬಣ್ಣ ಯಾವ ಕಡೆಯಿಂದ ನೋಡಿದರೂ ಅಲುಗಲಿಲ್ಲ. ಆದರೆ ದಿನವಿಡೀ ಒಂದೇ ಚಿತ್ರ ನಿಂತರೆ ಅದರ ಕಲೆ ಪರದೆಯ ಮೇಲೆ ಉಳಿದುಬಿಡಬಹುದು ಎಂದು ಫರ್ಹೀನ್ ಹೇಳಿದಳು. ನನ್ನ ಪರದೆಯ ಮೇಲೆ ಮುಂಜಾನೆಯಿಂದ ಸಂಜೆಯವರೆಗೆ ಅದೇ ಬಟನ್ನುಗಳ ಸಾಲು, ಅದೇ ಸ್ಟುಡಿಯೋದ ಹೆಸರು. ಕೈ ಮುಗಿದು ಬಿಟ್ಟೆ.

ಉಳಿದದ್ದು ಐಪಿಎಸ್. ನೆಲದಿಂದ ನೋಡಿದೆ, ಹುಡುಗಿ ಹಾಗೇ ಇದ್ದಳು. ಪಕ್ಕದಿಂದ, ನಿಂತು, ಬಾಗಿಲಿಂದ, ಎಲ್ಲಿಂದಲೂ ಅವಳೇ. "ಕತ್ತಲ ಚಿತ್ರ ಬಂದಾಗ ಮೂಲ್ಯಾಗ ಬೆಳಕು ಹಣಕಿ ಹಾಕ್ತದಕ್ಕಾ, ಕಪ್ಪು ಅಷ್ಟು ಕಪ್ಪಿಲ್ಲ" ಎಂದೆ. ಇರಬಹುದು, ನನಗೂ ಕಂಡಿತು. ನಾನು ಮಾಡುವುದು ಲಗ್ನದ ಆಲ್ಬಮ್, ಅಲ್ಲಿ ಕತ್ತಲೆಗೇನು ಕೆಲಸ? ಆಟಕ್ಕೂ ಸಾಕಷ್ಟು ಚುರುಕಿದೆ ಎಂದು ನೀನೇ ಪರೀಕ್ಷೆ ಮಾಡಿ ಒಪ್ಪಿದೆ, ಒಪ್ಪುವಾಗ ಮುಖ ಮಾತ್ರ ಬೇವಿನೆಲೆ ತಿಂದವನ ಹಾಗಿತ್ತು. ನಿನ್ನ ಟಿಎನ್ ನಿನ್ನ ಹಾಸ್ಟೆಲ್ ಕೋಣೆಗೆ ಹೋಯಿತು. ಒಬ್ಬನೇ ನೆಟ್ಟಗೆ ಎದುರಿಗೆ ಕೂತು ಆಡುವವನಿಗೆ ಅದು ಬರೋಬ್ಬರಿ.

ಈಗ ಗೆದ್ದ ಕಥೆ. ಸುಂದ್ರಮ್ಮ ಆಯಿ ಮತ್ತೆ ತಂಡ ಕಟ್ಟಿಕೊಂಡು ಬಂದಳು, ಮುಖ ಗಂಟು ಹಾಕಿಕೊಂಡೇ. ಗಂಡಸರು ಖುರ್ಚಿಗೆ, ಹೆಂಗಸರು ಜಮಖಾನೆಗೆ. ಮೌನೇಶ್ವರಿಯೂ ಅವಳ ಅತ್ತೆ ಹಣಮಂತಮ್ಮನೂ ಬಂದಿದ್ದರು. ನಾನು ಮಣೆಯ ಮೇಲೆ ಮೌಸು ಇಟ್ಟು ಆಯಿಯ ಮಗ್ಗಲಿಗೆ ಕೂತೆ. ಮಾವನವರು ಗಲ್ಲೆಯ ಹತ್ತಿರ ಕೈ ಕಟ್ಟಿ ನಿಂತಿದ್ದರು. ಮೊದಲ ಫೋಟೊ ತೆರೆದೆ. ಆಯಿ ಕೆಳಗಿಂದ ನೋಡಿದಳು. ಮಂಡಿಗೆ ಕೈ ಊರಿ ಎದ್ದಳು, ಹೋಗಿ ಮರಿಲಿಂಗಪ್ಪನ ಖುರ್ಚಿಯ ಹಿಂದೆ ನಿಂತು ನೋಡಿದಳು. ಗೋಡೆಯ ಕಡೆ ಹೋದಳು, ಬಾಗಿಲ ಹೊಸ್ತಿಲಿಗೆ ಹೋಗಿ ಅಲ್ಲಿಂದಲೂ ನೋಡಿದಳು. ಬಂದು ಕೂತು ಹೇಳಿದಳು, "ಎತ್ತಲಿಂದ ನೋಡಿದ್ರೂ ನಮ್ಮ ಹುಡುಗೀನೇ ಅದಾಳ ತಗಿ." ಹಣಮಂತಮ್ಮ ಅಷ್ಟಕ್ಕೇ ಬಿಡಲಿಲ್ಲ. "ಮನ್ಯಾಗ ಹ್ಯಾಂಗದಾಳ ಹಂಗೇ ಬಂದಾಳ. ಮೂಗುತಿ ನೋಡ್ರಿ, ಹ್ಯಾಂಗ ಹೊಳಿಯಾಕತ್ತದ!" ಎಂದಳು. ಖರೆ, ಆ ನಸುಗಪ್ಪು ಮುಖದ ಮೇಲೆ ಮೂಗುತಿ ಕಂಡಷ್ಟು ಚಂದ ಇನ್ನೆಲ್ಲೂ ಕಾಣುವುದಿಲ್ಲ.

ಅಚ್ಚಾಗಿ ಬಂದ ಆಲ್ಬಮ್ಮೂ ಪರದೆಯ ಮೇಲೆ ಕಂಡಂತೆಯೇ ಬಂತು. ನಿನ್ನೆ ಹಣಮಂತಮ್ಮ ಸೊಸೆಯನ್ನು ಕರೆದುಕೊಂಡು ಮತ್ತೆ ಬಂದಿದ್ದಳು. ಪಡಸಾಲೆಗೆ ದೊಡ್ಡದೊಂದು ಫೋಟೊ ಕಟ್ಟು ಹಾಕಿಸಬೇಕಂತೆ, ಬಂದವರಿಗೆಲ್ಲ ಎದುರಿಗೇ ಕಾಣುವ ಹಾಗೆ. ಯಾವುದೆಂದು ಆರಿಸಲು ಮೌನೇಶ್ವರಿಯನ್ನೇ ನನ್ನ ಖುರ್ಚಿಯ ಮೇಲೆ ಕೂರಿಸಿದೆ. ಬಹಳ ಹೊತ್ತು ನೋಡಿದಳು. ಕೊನೆಗೆ ಬೆಳಕು ನೇರ ಮುಖದ ಮೇಲೆ ಬಿದ್ದ ಫೋಟೊ ತೋರಿಸಿ, "ಇದರಾಗ ನಾ ಭಾಳ ಚಂದ ಅದೀನ್ರಿ" ಎಂದಳು. ಅಷ್ಟು ಗಟ್ಟಿಯಾಗಿ, ಅತ್ತೆಯ ಎದುರಿಗೆ! ನನಗೆ ಕುಣಿಯಬೇಕು ಅನ್ನಿಸಿತು.

ಅವರು ಹೋದ ಮೇಲೆ ಫೈಲು ಪ್ರೆಸ್ಸಿಗೆ ಕಳಿಸಲು ಕೂತಿದ್ದೆ. ಮಾವನವರು ಹಿಂದೆ ಬಂದು ನಿಂತರು. ನಮ್ಮ ಫೋಟೊಗಳ ಕೆಳಗೆ ಮೂಲೆಯಲ್ಲಿ ಬರುವುದು ಅವರ ಹೆಸರೊಂದೇ, ನಿನಗೆ ಗೊತ್ತಲ್ಲ. "ನನ್ನ ಹೆಸರಿನ ಮಗ್ಗಲಿಗಿ ನಿನ್ನದೂ ಹಾಕವಾ" ಎಂದರು. ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ತಿರುಗಿ ನೋಡಿದೆ. "ಹಾಕು ಹಾಕು. ಸಣ್ಣ ಅಕ್ಷರದಾಗ ಬ್ಯಾಡ, ನನ್ನ ಹೆಸರಿನಷ್ಟೇ ದೊಡ್ಡದು ಹಾಕು" ಎಂದು ಹೇಳಿ ಚಹಾಕ್ಕೆ ಹೊರಟುಹೋದರು. ಹಾಕಿದೆನಪ್ಪಾ. ಶಾಂಭವಿ ಎಂದು ಹೊಡೆಯುವಷ್ಟರಲ್ಲಿ ಕಣ್ಣು ತುಂಬಿ ಅಕ್ಷರ ಕಾಣದಾಯಿತು.

ನಿನ್ನ ಬೆವರೂ ಅದರಲ್ಲಿದೆ, ಇಲ್ಲ ಅನ್ನುವುದಿಲ್ಲ. ನೀನು ಪ್ಯಾನೆಲ್ ಪ್ಯಾನೆಲ್ ಎಂದು ತಲೆ ತಿನ್ನದಿದ್ದರೆ ಮಾನಿಟರಿನೊಳಗೆ ಜಾತಿಗಳಿವೆ ಎನ್ನುವುದೇ ನನಗೆ ಗೊತ್ತಾಗುತ್ತಿರಲಿಲ್ಲ. ಆದರೆ ಹಾಸ್ಟೆಲ್ಲಿಗೇ ಮಾನಿಟರ್ ಬಂದ ಮೇಲೆ ನೀನು ಭಾನುವಾರ ಈ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ಮಾವನವರು ಅಂದ ಮಾತು ಮನಸ್ಸಿಗೆ ಹಿಡಿದಿದ್ದರೆ ಬಿಟ್ಟುಬಿಡು. ಅವರೇ ನಿನ್ನೆ ಊಟಕ್ಕೆ ಕೂತಾಗ "ಆ ಹುಡುಗ ಯಾಕ ಬರವಲ್ಲ?" ಎಂದು ಕೇಳಿದರು. ನೀನಿಲ್ಲದೆ ಭಾನುವಾರ ಸ್ಟುಡಿಯೋ ಭಣಗುಡುತ್ತದೆ. ನಿನ್ನ ಕಾರಿನ ಆಟವನ್ನು ನಾನೂ ಕಲಿತಿದ್ದೇನೆ, ಇನ್ನು ನನ್ನನ್ನು ಸೋಲಿಸುವುದು ಸುಲಭವಿಲ್ಲ. ಬಂದು ಆಡು, ಸೋತು ಹೋಗು.

ನಿನ್ನ ಓದು ಕೈಗೂಡಲಿ, ನಿನ್ನ ಬೆನ್ನಿಗೆ ಆ ಭಗವಂತ ಯಾವಾಗಲೂ ಇರಲಿ. ಯಾರ ಎದುರಿಗೂ ನೀನು ನಿನ್ನ ಬಣ್ಣದಲ್ಲೇ ತಲೆಯೆತ್ತಿ ನಿಲ್ಲು.

ನಿನ್ನನ್ನು ಬೈಯದೆ ಒಂದು ದಿನವೂ ಇರಲಾರದ,
ನಿನ್ನ ಅಕ್ಕ
ಶಾಂಭವಿ