ಗುಡ್ಡಕ್ಕೆ ಸುರಿದ ನೀರು

ಸಂಡೂರು, ೩ ಜುಲೈ ೧೯೧೪

ಓವರ್ಸಿಯರ್ ಗುಂಡೂರಾಯರಿಗೆ,

ನಮಸ್ಕಾರ ಬರೆಯಲು ಕೈ ಬರುತ್ತಿಲ್ಲ. ನನ್ನ ತಮ್ಮ ಜಡೆಪ್ಪ ತನ್ನ ಅಜಾಗರೂಕತೆಯಿಂದಲೇ ಸತ್ತನೆಂದು ವರದಿಯಲ್ಲಿ ಬರೆದಿದ್ದೀರಿ. ಆ ಸಾಲು ಹೊಡೆದುಹಾಕಿ.

ಕೆರೆ ಒಣಗಿದಾಗ ಹೂಳಿನ ಮೇಲೆ ಕಾಣುವ ಅಲೆಗಳೇ ನಮ್ಮ ಗಣಿಯ ಗುಡ್ಡದ ಕಲ್ಲಿನ ಮೇಲಿವೆ. ಇದು ಯಾವುದೋ ಕಾಲದ ಕೆರೆಯ ತಳ. ಹೂಳು ಪದರಪದರವಾಗಿ ಕೂತು ಕಲ್ಲಾಯಿತು, ಆಮೇಲೆ ನೆಲವೇ ಎದ್ದು ವಾಲಿತು. ಯಾವ ಕಡೆ ವಾಲಿದೆಯೆಂದು ತಿಳಿಯಲು ನಾವು ಅಗೆಯುವ ಮುಂಚೆ ಮೇಲಿನ ಬಿರುಕಿಗೆ ನೀರು ಸುರಿದು ನೋಡುತ್ತೇವೆ. ಅವತ್ತು ಜಡೆಪ್ಪ ಸುರಿದ ನೀರು ಗಣಿಯೊಳಗೇ ಜಿನುಗಿತು.

“ಪದರು ಇತ್ತಲಾಗ ವಾಲ್ಯಾವ್ರಿ ಸಾಹೇಬ್ರ, ಬುಡ ಕಡಿಸಬ್ಯಾಡ್ರಿ” ಎಂದು ಜಡೆಪ್ಪ ಕೈಮುಗಿದ. ನೀವು ನಕ್ಕು ಅವನ ಕೊಡ ಒದ್ದಿರಿ. ಬುಡ ಕಡಿಸಿದಿರಿ. ಮೇಲಿನ ಪದರು ಜಾರಿ ಅವನ ಮೇಲೆ ಬಿತ್ತು.

ನಿನ್ನೆ ಅದೇ ನಗ್ಗಿದ ಕೊಡದಲ್ಲಿ ನೀರು ಹೊತ್ತು ಗಣಿಯ ಮೇಲೆ ಗುಡ್ಡದಲ್ಲಿರುವ ನಿಮ್ಮ ಹೊಸ ಬಂಗಲೆಯ ಹಿತ್ತಲಿನ ಬಿರುಕಿಗೆ ಸುರಿದೆ. ಅದೂ ಗಣಿಯಲ್ಲೇ ಹೊರಬಂತು. ಮಳೆ ಜೋರಾಗುವ ಮುಂಚೆ ಹೆಂಡತಿ ಮಕ್ಕಳನ್ನು ಹೊಸಪೇಟೆಗೆ ಕಳಿಸಿ. ಈ ಸಲ ನಗಬೇಡಿ. ನಕ್ಕರೆ ಅವರ ವರದಿಯನ್ನೂ ನೀವೇ ಬರೆಯಬೇಕಾದೀತು.

ಕಲ್ಲುಗಣಿ ಮೇಸ್ತ್ರಿ
ಹುಲುಗಪ್ಪ