ಐದು ಎಂಬಿಯೊಳಗೆ ಮಾವನ ಕೈಗಳು

ಮನೆ, ಮಹಡಿಯ ಹಿಂದಿನ ಕೋಣೆ
ಹದಿನೇಳನೆಯ ತಾರೀಖು, ಬುಧವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀರಿ? ದ್ವೀಪದ ಗಾಳಿಗೆ ಬೆರಳ ಸಂದುಗಳೆಲ್ಲ ಬಿರಿಯುತ್ತಿವೆ ಎಂದು ಬರೆದಿದ್ದಿರಿ, ಈಗ ವಾಸಿಯಾಯಿತೆ? ಗಾಳಿ ಅಳೆಯುವ ಯಂತ್ರ ಬಿಚ್ಚುವಾಗ ನೀವು ಗವಸು ಹಾಕಿಕೊಳ್ಳುವುದಿಲ್ಲ ಎಂದು ನಿಮ್ಮ ತಮ್ಮ ನನ್ನ ಹತ್ತಿರ ದೂರು ಹೇಳುತ್ತಾರೆ. ನಾವಿಲ್ಲಿ ಚೆನ್ನಾಗಿದ್ದೇವೆ. ಚೆನ್ನಾಗಿ ಅಂದರೆ ತುಂಬಾ ಅಂದರೆ ತುಂಬಾ ಚೆನ್ನಾಗಿ. ಮದುವೆಯಾಗಿ ಇಪ್ಪತ್ತಾರು ದಿನವಾಯಿತು, ನಾನಿನ್ನೂ ಬೆಳಿಗ್ಗೆ ಎದ್ದ ಕೂಡಲೇ ಪಕ್ಕದಲ್ಲಿ ಮಲಗಿದವರನ್ನು ನೋಡಿ ಒಬ್ಬಳೇ ನಗುತ್ತೇನೆ. ಇವರು ಗೊರಕೆ ಹೊಡೆಯುತ್ತಾರೆ ಎಂದು ಮಾತ್ರ ಯಾರೂ ಮೊದಲೇ ಹೇಳಲಿಲ್ಲ. ನಿಮಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ನಿಮ್ಮನ್ನು ಬಿಟ್ಟೆ. ಮಾವನಾದರೂ ಒಂದು ಮಾತು ಹೇಳಬಹುದಿತ್ತು. ನಾನು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು, ಒತ್ತಕ್ಷರ ತಪ್ಪಿದ್ದರೆ ನಕ್ಕು ಮುಂದೆ ಓದಿ.

ನಿನ್ನೆ ನಿಮ್ಮ ಮೂರು ಸಾಲಿನ ಉತ್ತರ ಬಂತು. "ಮದುವೆಯ ವಿಡಿಯೋ ನೋಡಿದೆ, ಅಪ್ಪ ಕ್ಯಾಮೆರಾ ಮುಂದೆಯೂ ನನಗಾಗಿ ಬಾಯಿ ಬಿಡಲಿಲ್ಲ, ಇಪ್ಪತ್ತೆರಡರ ಹಡಗಿಗೆ ಬರುವುದಿಲ್ಲ, ಇಲ್ಲೇ ಇನ್ನೆರಡು ವರ್ಷದ ಕೆಲಸಕ್ಕೆ ಸಹಿ ಹಾಕುತ್ತೇನೆ" ಎಂದು ಬರೆದಿದ್ದೀರಿ. ಓದಿದವಳೇ ಓಡಿ ಹೋಗಿ ಇವರಿಗೆ ತೋರಿಸಿದೆ. ಅಕ್ಕಾ, ಮಾವ ಬಾಯಿ ಬಿಡಲಿಲ್ಲ ಎನ್ನುವುದು ನಿಜ. ಬೇಕೆಂದೇ ಬಿಡಲಿಲ್ಲ. ಅವರು ಕೈಯಲ್ಲಿ ಮಾತಾಡಿದರು. ನಿಮ್ಮ ಸನ್ನೆ ಭಾಷೆಯಲ್ಲಿ, ಪೂರಾ ಎರಡು ನಿಮಿಷ. ಅದು ನಿಮಗೆ ಕಾಣದ ಹಾಗೆ ಮಾಡಿದವಳು ನಾನು.

ನಿಮ್ಮಿಬ್ಬರ ಜಗಳ ನಾನು ಈ ಮನೆಗೆ ಬರುವ ಮೊದಲಿನದು, ಆದರೂ ಇವರು ಎಲ್ಲ ಹೇಳಿದ್ದಾರೆ. ಚಿಕ್ಕಂದಿನಿಂದ ಮಾವ ನಿಮ್ಮ ಗಲ್ಲ ಹಿಡಿದು ತಿರುಗಿಸಿ "ನನ್ನ ಬಾಯಿ ನೋಡು, ಬಾಯಿ ನೋಡಿ ತಿಳ್ಕೋ" ಅನ್ನುತ್ತಿದ್ದುದು, ನೀವು ಸನ್ನೆ ಮಾಡಲು ಕೈ ಎತ್ತಿದರೆ ಮುಖ ತಿರುಗಿಸುತ್ತಿದ್ದುದು, ನಾಲ್ಕು ವರ್ಷದ ಕೆಳಗೆ ನೀವು ಪೆಟ್ಟಿಗೆ ಕಟ್ಟಿ ದ್ವೀಪಕ್ಕೆ ಹೊರಟದ್ದು. ಅದೇ ಮಾವ ಈ ವರ್ಷ ಮೂರು ತಿಂಗಳು ಪ್ರತಿ ಶನಿವಾರ ಟೈರ್ ಅಂಗಡಿ ಮುಚ್ಚಿ, "ಕ್ಷೌರಕ್ಕೆ ಹೋಗ್ಬರ್ತೀನಿ" ಅಂತ ಹೋಗುತ್ತಿದ್ದರಂತೆ. ತಲೆಗೂದಲು ಮಾತ್ರ ಕಾಲರ್ ಮುಟ್ಟುವಷ್ಟು ಬೆಳೆದಿತ್ತು. ಕಿವುಡ ಮಕ್ಕಳ ಶಾಲೆಯ ಮೇಡಂ ಹತ್ತಿರ ಅವರು ಪಾಠಕ್ಕೆ ಹೋಗುತ್ತಿದ್ದರು ಎಂದು ಯಾರಿಗೂ ಹೊಳೆಯಲಿಲ್ಲ. ಮದುವೆಯ ದಿನ ಊಟದ ಗಲಾಟೆಯ ನಡುವೆ ನನ್ನನ್ನು ಹೊರಗೆ ಕರೆದು, "ಚಿನಕುರಳಿ, ಫೋನ್ ಹಿಡಿ. ಅವಳಿಗೆ ಒಂದು ಮಾತು ಹೇಳ್ಬೇಕು" ಅಂದರು. ಕಂಬಕ್ಕೆ ಒರಗಿ, ತುಟಿ ಬಿಗಿಹಿಡಿದು, ಟೈರ್ ಎತ್ತಿ ಎತ್ತಿ ದಪ್ಪವಾದ ಆ ಬೆರಳುಗಳನ್ನು ಆಡಿಸಿದರು. ನನಗೆ ಸನ್ನೆ ಬಾರದು, ಒಂದೂ ತಿಳಿಯಲಿಲ್ಲ. ಸುಮ್ಮನೆ ಹಿಡಿದುಕೊಂಡೆ.

ಇನ್ನು ನನ್ನ ಘನಕಾರ್ಯ ಕೇಳಿ. ಎಲ್ಲ ಸೇರಿಸಿ ಹನ್ನೊಂದು ನಿಮಿಷದ ವಿಡಿಯೋ, ಎಂಟುನೂರು ಎಂಬಿ. ನಿಮ್ಮ ಹವಾಮಾನ ಕೇಂದ್ರದ ಮೇಲ್ ಐದು ಎಂಬಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ. ಇವರು ತರಬೇತಿ ಕೇಂದ್ರದಲ್ಲಿ ದಿನವಿಡೀ ಪಾಠದ ವಿಡಿಯೋಗಳನ್ನು ಕುಗ್ಗಿಸುವುದನ್ನು ನೋಡಿದ್ದೆನಲ್ಲ, ನಾನೂ ಮಾಡಿ ತೋರಿಸುತ್ತೇನೆ ಎಂದು ಹೇಳದೆ ಕೇಳದೆ ಕೂತೆ. ಮೊದಲು ಗುಣಮಟ್ಟದ ಅಂಕಿ ಕೊಟ್ಟು ನೋಡಿದೆ. ಅಂಕಿ ಚಿಕ್ಕದಾದಷ್ಟು ಚಿತ್ರ ಚೆನ್ನ, ಫೈಲು ದಪ್ಪ. ಇಪ್ಪತ್ಮೂರಕ್ಕೆ ನೂರ ಅರವತ್ತು ಎಂಬಿ ಬಂತು, ಮೂವತ್ತೈದಕ್ಕೆ ನಲವತ್ತು. ಹಾಗೆ ಮಾಡಿದರೆ ಗುಣಮಟ್ಟ ನಮ್ಮ ಕೈಲಿರುತ್ತದೆ, ಗಾತ್ರ ಎಷ್ಟಾಗುತ್ತದೋ ದೇವರೇ ಬಲ್ಲ. ಅದನ್ನು ಬಿಟ್ಟು, ಗಾತ್ರವನ್ನೇ ಮೊದಲು ಕಟ್ಟಿಹಾಕುವ ದಾರಿ ಹಿಡಿದೆ. ಐದು ಎಂಬಿಯನ್ನು ಹನ್ನೊಂದು ನಿಮಿಷಕ್ಕೆ ಹಂಚಿದರೆ ಒಂದೊಂದು ಸೆಕೆಂಡಿನ ಪಾಲಿಗೆ ಬರುವುದು ಅರವತ್ತು ಕಿಲೋಬಿಟ್. ಅದರಲ್ಲಿ ಮೂವತ್ತೆರಡನ್ನು ಶಬ್ದಕ್ಕೆ ಕೊಟ್ಟೆ. ವಾದ್ಯದವರು ಅಷ್ಟು ಚೆನ್ನಾಗಿ ನುಡಿಸಿದ್ದರು, ಕೆಡಿಸಬಾರದು ಅನ್ನಿಸಿತು. ಯಾರಿಗೆ ಕಳಿಸುತ್ತಿದ್ದೇನೆ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಉಳಿದ ಇಪ್ಪತ್ತೆಂಟರಲ್ಲಿ ಮುಖಗಳು ಮಸುಕಾಗದಿರಲಿ ಎಂದು ಸೆಕೆಂಡಿಗೆ ಮೂವತ್ತು ಫ್ರೇಮ್, ಅಂದರೆ ಮೂವತ್ತು ಬಿಡಿ ಚಿತ್ರ, ಇದ್ದುದನ್ನು ಎಂಟಕ್ಕೆ ಇಳಿಸಿದೆ. ಅಲುಗಾಡದೆ ಇದ್ದುದೆಲ್ಲ ಚೆನ್ನಾಗಿ ಬಂತು. ಕಂಬ, ಹೂವು, ಮಾವನ ಮುಚ್ಚಿದ ಬಾಯಿ. ಆಡುತ್ತಿದ್ದ ಕೈಗಳು ಮಾತ್ರ ಬೂದುಬಣ್ಣದ ಮುದ್ದೆಯಾದವು. ನಾನು ಮುಖವೊಂದನ್ನೇ ನೋಡಿ, ಆಹಾ ಎಷ್ಟು ಸ್ಪಷ್ಟ ಎಂದು ಬೀಗಿ ಕಳಿಸಿಬಿಟ್ಟೆ.

ನಿಮ್ಮ ಉತ್ತರ ಬಂದ ಮೇಲೆ ಇವರು ಆ ಫೈಲನ್ನು ಮೊದಲ ಸಲ ನೋಡಿದರು. "ಏನೇ ಇದು, ಅಕ್ಕನಿಗೆ ವಾದ್ಯ ಕಳ್ಸಿ ಅಪ್ಪನ ಕೈ ನುಂಗಿಬಿಟ್ಟಿದ್ದೀಯಲ್ಲೇ" ಅಂದರು. ಮೂಲ ವಿಡಿಯೋ ಹಾಕಿದೆ. ನಿಮ್ಮ ಜೊತೆ ಸನ್ನೆಯಲ್ಲೇ ಮಾತಾಡಿ ಬೆಳೆದವರಲ್ಲವೆ, ಎರಡು ನಿಮಿಷ ನೋಡಿದರು, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಮಾವ ಹೇಳಿದ್ದೇನು ಎಂದು ಎಷ್ಟು ಪೀಡಿಸಿದರೂ, "ಅದು ಅಕ್ಕನಿಗೆ ಹೇಳಿದ್ದು, ಅವಳೇ ನೋಡ್ಲಿ. ಸನ್ನೆ ಅಲ್ಲಲ್ಲಿ ತಪ್ಪಿದೆ, ಅವಳು ನಗ್ತಾಳೆ" ಎನ್ನುವುದಕ್ಕಿಂತ ಹೆಚ್ಚು ಬಾಯಿಬಿಡಲಿಲ್ಲ.

ಆಮೇಲೆ ಇಬ್ಬರೂ ಕೂತು ಮತ್ತೆ ಮಾಡಿದೆವು. ನಾನು ಸೋಮಾರಿತನದಿಂದ ಆ ಐದು ಎಂಬಿಯದನ್ನೇ ಎತ್ತಿಕೊಳ್ಳಲು ಹೋದೆ, ಇವರು ಕೈಮೇಲೆ ಒಂದು ಕೊಟ್ಟು, "ಅದ್ರಲ್ಲಿ ಹೋಗಿದ್ದು ಹೋಯ್ತು, ಮೂಲದಿಂದ ತೆಗಿ" ಅಂದರು. ಮಾವನ ಎರಡು ನಿಮಿಷವನ್ನಷ್ಟೇ ಕತ್ತರಿಸಿಕೊಂಡೆವು. ಶಬ್ದವನ್ನು ಪೂರ್ತಿ ತೆಗೆದೆವು. ತಲೆಯಿಂದ ಸೊಂಟದವರೆಗೆ ಬಿಟ್ಟು ಸುತ್ತಲಿನದನ್ನೆಲ್ಲ ಕಳೆದು, ಚಿತ್ರವನ್ನು ಚಿಕ್ಕದು ಮಾಡಿದೆವು. ಮೂವತ್ತು ಫ್ರೇಮಿನಲ್ಲಿ ಒಂದನ್ನೂ ಮುಟ್ಟಲಿಲ್ಲ. ಈಗ ಸೆಕೆಂಡಿಗೆ ಮುನ್ನೂರು ಕಿಲೋಬಿಟ್ ಸಿಕ್ಕಿತು, ಅಷ್ಟೂ ಆ ಕೈಗಳಿಗೆ. ಕಂಪ್ಯೂಟರ್ ಅದನ್ನು ಎರಡು ಸಲ ಓದುತ್ತದೆ. ಮೊದಲ ಸಲ ಎಲ್ಲೆಲ್ಲಿ ಚಲನೆ ಹೆಚ್ಚು ಎಂದು ಗುರುತು ಹಾಕಿಕೊಳ್ಳುತ್ತದೆ, ಎರಡನೆಯ ಸಲ ಅಲ್ಲಲ್ಲಿ ಹೆಚ್ಚು ಬಡಿಸುತ್ತದೆ. ನಾಲ್ಕು ಪಾಯಿಂಟ್ ಏಳು ಎಂಬಿ ಆಯಿತು. ಇವರು ಅದನ್ನು ತಮ್ಮ ಹಳೆಯ ಫೋನಿನಲ್ಲಿ ಹಾಕಿ, ಒಂದೊಂದು ಸನ್ನೆಗೂ ತಲೆಯಾಡಿಸುತ್ತ ಕೊನೆಯವರೆಗೂ ನೋಡಿ ಪಾಸು ಮಾಡಿದ್ದಾರೆ. ಈ ಪತ್ರದ ಜೊತೆ ಅದೇ ಇದೆ.

ನಿಮ್ಮ ಉತ್ತರವನ್ನು ಮಾವನಿಗೆ ತೋರಿಸಿಲ್ಲ. ದಿನಾ ಸಂಜೆ ಅಂಗಡಿಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ "ಅವಳೇನಾದ್ರೂ ಬರೆದ್ಲಾ?" ಎಂದು ಕೇಳುತ್ತಾರೆ. ನಿನ್ನೆ, ದ್ವೀಪದಲ್ಲಿ ನೆಟ್ ಕೈಕೊಟ್ಟಿದೆಯಂತೆ ಎಂದೆ. ಈ ಮನೆಗೆ ಬಂದ ಮೇಲೆ ನಾನು ಹೇಳಿದ ಮೊದಲ ಸುಳ್ಳು ಅದು, ಇವತ್ತು ಸಂಜೆ ಇನ್ನೊಮ್ಮೆ ಹೇಳುವ ಧೈರ್ಯವಿಲ್ಲ. ಬೆರಳುಗಳಿಗೆ ಮುಲಾಮು ಹಚ್ಚಿಕೊಳ್ಳಿ, ಗವಸು ಹಾಕಿಕೊಳ್ಳಿ. ಇವರು, ಅಕ್ಕನನ್ನು ಕೇಳಿದೆ ಅಂತ ಹೇಳು ಅಂದಿದ್ದಾರೆ. ನನ್ನ ಕಡೆಯಿಂದ ಒಂದು ದೊಡ್ಡ ಅಪ್ಪುಗೆ.

ನಿಮ್ಮ ತಮ್ಮನ ಹೆಂಡತಿ,
ಚಿನಕುರಳಿ

ತಾ.ಕ.: ಅಕ್ಕಾ, ದಯವಿಟ್ಟು ಇದನ್ನು ನೋಡುವವರೆಗೆ ಸಹಿ ಹಾಕಬೇಡಿ. ಸರಿಯಾಗಿ ಬಂದಿದೆಯೇ ಎಂದು ನಾನು ಇದನ್ನು ಇಪ್ಪತ್ತು ಸಲವಾದರೂ ನೋಡಿರಬೇಕು. ಒಂದು ಸನ್ನೆ ನಾಲ್ಕು ಸಲ ಬರುತ್ತದೆ, ಎರಡು ಬೆರಳು ಹುಬ್ಬಿನ ಮೇಲೆ ಹಾದು ಹೋಗುತ್ತವೆ. ಅದೊಂದನ್ನಾದರೂ ಹೇಳಿ ಎಂದು ಇವರನ್ನು ಕಾಡಿದೆ. ಶಾಲೆಯಲ್ಲಿ ಗೆಳತಿಯರು ನಿಮಗಿಟ್ಟ ಹೆಸರಂತೆ ಅದು, ಮಾವ ಒಂದು ದಿನವೂ ಆ ಹೆಸರಿನಿಂದ ನಿಮ್ಮನ್ನು ಕರೆದವರಲ್ಲವಂತೆ, ನೆಲಕ್ಕೆ ಕಾಲು ಬಡಿದೇ ಕರೆಯುತ್ತಿದ್ದರಂತೆ. ಮೂರು ಸಲ ನೆಟ್ಟಗೆ ಬಂದಿದೆ. ಕೊನೆಯ ಸಲ ಅವರ ಕೈ ನಡುಗಿದೆ. ಅದು ಫೈಲಿನ ದೋಷವಲ್ಲ, ಮೂಲದಲ್ಲೂ ಹಾಗೆಯೇ ಇದೆ.