ನಿನ್ನ ಪೊಟ್ಟಣ, ನನ್ನ ಗುಳ್ಳೆ

ಹಂಸ,

ಇವತ್ತು ಹಾಸನದ ಒಂದು ಆಸ್ಪತ್ರೆಯಲ್ಲಿ ಕನ್ನಡ ಬಾರದ ವೈದ್ಯರ ಮಾತನ್ನು ಅರಕಲಗೂಡಿನ ಭವ್ಯಶ್ರೀ ಎಂಬಾಕೆಗೆ ಕನ್ನಡದಲ್ಲಿ ಹೇಳಲು ಕೂತಿದ್ದೆ. ಬಿದ್ದು ಪೆಟ್ಟಾಗಿ ಆಕೆಯ ಮಗನ ಗುಲ್ಮ, ಅಂದರೆ ಸ್ಪ್ಲೀನ್, ತೆಗೆದಿದ್ದಾರೆ. ಇನ್ನು ಸೋಂಕು ಬೇಗ ತಗಲುವುದರಿಂದ ಮಿದುಳುಜ್ವರದ ಲಸಿಕೆ ಬೇಕೇ ಬೇಕು. ಅದರಲ್ಲಿ ಬ್ಯಾಕ್ಟೀರಿಯಾದ ವೆಸಿಕಲ್ ಇರುತ್ತದೆ ಎಂದರು ವೈದ್ಯರು. ನಾನು ನಿಘಂಟು ನೆನೆದು ‘ಗುಳ್ಳೆ’ ಎಂದೆ.

“ಗುಳ್ಳೆ ನೀರ್ನ ನನ್ ಮಗೀಗೆ ಚುಚ್ತಾರಾ? ಅಮ್ಮ ಆಗಿರೋರ್ ಮನೆ ಬಾಗ್ಲಿಗೂ ನಾವ್ ಓಗಲ್ಲ ಕಣ್ ಮೇಡಮ್!”

ಅನುವಾದದ ಕಾದಂಬರಿಯಲ್ಲಿ ಒಂದು ಪದ ತಪ್ಪಿದರೂ ಅಂಚಿನಲ್ಲಿ ಗೆರೆ ಎಳೆಯುವವಳು ನಾನು. ಆಕೆ ಸಿಡುಬಿನ ಗುಳ್ಳೆ ಎಂದುಕೊಂಡಿದ್ದಳು; ತಪ್ಪು ತಕ್ಷಣ ತಿಳಿಯಿತು. ನಿನ್ನ ಪದವೂ ನೆನಪಾಯಿತು. ಬ್ಯಾಕ್ಟೀರಿಯಾ ತನ್ನ ಹೊರಪೊರೆಯನ್ನೇ ಚಿವುಟಿ ಆಚೆ ಬಿಡುವ ಪೊಟ್ಟಣ ಅದು, ಒಳಗೆ ಜೀವವಿಲ್ಲ, ನಮ್ಮ ಮೈ ಅದನ್ನು ನೋಡಿ ರೋಗದ ಗುರುತು ಕಲಿಯುತ್ತದೆ ಎಂದು ನೀನು ಕಾಲೇಜಿನ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಪೊಟ್ಟಣ ದಿನಸಿ ಅಂಗಡಿಯ ಪದವೆಂದು ನಾನು, ಅಲ್ಲವೆಂದು ನೀನು. ಆ ಜಗಳದಿಂದಲೇ ನಮ್ಮಿಬ್ಬರ ಮಾತು ನಿಂತುಹೋಗಿತ್ತು.

ಇವತ್ತು ಆ ಪದ ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ನೀನು ಗೆದ್ದಂತಾಗುತ್ತದೆ ಎನಿಸಿ ನುಂಗಿಕೊಂಡೆ. ನೀನು ಅಲ್ಲಿರಲೇ ಇಲ್ಲ, ಹಂಸ.

ಭವ್ಯಶ್ರೀ ಮಗುವನ್ನು ಸೊಂಟಕ್ಕೇರಿಸಿಕೊಂಡು ಎದ್ದಳು. “ಸಾಕು ಬುಡಿ. ಇನ್ ಇತ್ತಗ್ ಬರಾಕಿಲ್ಲ.”

ಬಾಗಿಲು ಮುಚ್ಚಿಕೊಂಡ ಮೇಲೆ, ಆಕೆ ಏನಂದಳೆಂದು ವೈದ್ಯರು ನನ್ನನ್ನು ಕೇಳಿದರು.

“ಮನೆಯಲ್ಲಿ ಮಾತಾಡಿಕೊಂಡು ಬರುತ್ತಾರಂತೆ” ಎಂದೆ.